ಟೈಪಿಂಗ್ ಕಲಿಯಲು ಹಳೆಯ ಯಂತ್ರ: ಕಿರುಬೆರಳಿಗೆ ಒಪ್ಪಿದ್ದು ಪ್ರೈಮಾ ಒಂದೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಗೋದ್ರೆಜ್ ಕಂಪನಿಯ ಪ್ರೈಮಾ ಟೈಪ್‌ರೈಟರಿಗೆ. ಹೋದ ವರ್ಷ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡೆ. ಮಗಳು ಅದರಲ್ಲೇ ಕೀಲಿ ನೋಡದೆ ಟೈಪ್ ಮಾಡುವುದನ್ನು ಕಲಿತಳು. ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬಂತು.

ಅದನ್ನು ಕೊಳ್ಳುವ ಮುಂಚೆಯೇ ಇನ್ನೂ ಮೂರು ಥರದ ಯಂತ್ರಗಳು ನನ್ನ ಕೈಗೆ ಗೊತ್ತಿದ್ದವು. ಎರಡು ನಾನು ಕಲಿತ ಇನ್‌ಸ್ಟಿಟ್ಯೂಟಿನವು. ಮೂರನೆಯದು ಭಾವ ಬಳಸಲು ಕೊಟ್ಟಿದ್ದ ಸೂಟ್‌ಕೇಸ್ ಪೋರ್ಟಬಲ್. ಈಗ ಹಳೆಯ ಟೈಪ್‌ರೈಟರ್ ಕೊಳ್ಳುವವರಲ್ಲಿ ಹೆಚ್ಚಿನವರು ಬಣ್ಣ ನೋಡುತ್ತಾರೆ, ಶೋಕೇಸಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡುತ್ತಾರೆ. ಇಡಲಿಕ್ಕೆ ಮಾತ್ರ ಬೇಕಿದ್ದರೆ ಅದು ಸರಿ. ಆದರೆ ಕಲಿಯಲಿಕ್ಕೆ ಬೇಕಿದ್ದರೆ ನೋಡಬೇಕಾದದ್ದು ಒಂದೇ: ದೊಡ್ಡ (ಕ್ಯಾಪಿಟಲ್) ಅಕ್ಷರಕ್ಕಾಗಿ ಶಿಫ್ಟ್ ಒತ್ತಿದಾಗ ನಿಮ್ಮ ಕಿರುಬೆರಳು ಏನನ್ನು ಎತ್ತಬೇಕಾಗುತ್ತದೆ?

ನಾನು ಕಲಿತದ್ದು 1990ರಲ್ಲಿ, ಅರಸೀಕೆರೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ರಿಸಲ್ಟಿಗೆ ಕಾಯುವ ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಒಂದೇ ಮಾತು: ಸುಮ್ನೆ ಕೂತಿರಬೇಡ, ಟೈಪಿಂಗಿಗೆ ಸೇರು. ಜೂನಿಯರ್ ಪರೀಕ್ಷೆ ಕಟ್ಟು, ಆಮೇಲೆ ಸೀನಿಯರ್ ಕಟ್ಟು. ಕನ್ನಡ, ಇಂಗ್ಲಿಷ್ ಎರಡೂ ಸೀನಿಯರ್ ಆದರೆ ಕೋರ್ಟಿನಲ್ಲಿ ಬೆರಳಚ್ಚುಗಾರರ ಕೆಲಸಕ್ಕೆ ಅರ್ಜಿ ಹಾಕಬಹುದು ಅನ್ನುವ ಆಸೆ ಎಲ್ಲರಿಗೂ ಇತ್ತು. ಬಸ್‌ಸ್ಟ್ಯಾಂಡಿನ ಕಡೆ ಒಂದು ಮಹಡಿಯ ಮೇಲೆ ಇನ್‌ಸ್ಟಿಟ್ಯೂಟ್. ಒಂದು ಗಂಟೆಯ ಬ್ಯಾಚು. ಬೆಳಗ್ಗೆ ಆರಕ್ಕೇ ಶುರುವಾಗುತ್ತಿತ್ತು. ಕೆಳಗೆ ರಸ್ತೆಯಲ್ಲಿ ನಿಂತರೂ ಟಕಟಕ ಸದ್ದು ಕೇಳುತ್ತಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಹೊಸಬರಿಗೆ ಎಲ್ಲಕ್ಕಿಂತ ಹಳೆಯ ಯಂತ್ರ. ಪರೀಕ್ಷೆಗೆ ಕಟ್ಟಿದವರಿಗೆ ಚೆನ್ನಾಗಿರುವ ಯಂತ್ರ. ಹೊಸಬರು ಕೀಲಿಗಳನ್ನು ಜೋರಾಗಿ ಚಚ್ಚುತ್ತಾರೆ, ಒಳ್ಳೆಯ ಯಂತ್ರ ಹಾಳಾಗುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಇನ್‌ಸ್ಟಿಟ್ಯೂಟ್ ನಡೆಸುವವರ ಕಡೆಯಿಂದ ಅದು ಸರಿಯೇ. ಕಲಿಯುವವರ ಕಡೆಯಿಂದ ಅದು ತಲೆಕೆಳಗು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನನ್ನ ಪಾಲಿಗೆ ಬಂದದ್ದು ಗಾಡಿ ಎತ್ತುವ ಯಂತ್ರ. ಗಾಡಿ ಅಂದರೆ ಕಾಗದ ಹೊತ್ತು ಅಡ್ಡಕ್ಕೆ ಓಡುವ ಮೇಲಿನ ಭಾಗ, ಕ್ಯಾರೇಜ್. ಮುಂದೆ ಬರೆದಿದ್ದ ಚಿನ್ನದ ಬಣ್ಣದ ಹೆಸರು ಪೂರ್ತಿ ಅಳಿಸಿತ್ತು. ಅದು ಯಾರದ್ದಾದರೇನು, ಆ ತಲೆಮಾರಿನ ಎಷ್ಟೋ ಯಂತ್ರಗಳು ಹೀಗೇ ಇದ್ದವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೈಪ್‌ರೈಟರಿನಲ್ಲಿ ಕೀಲಿ ಒತ್ತಿದಾಗ ಎದ್ದು ಕಾಗದಕ್ಕೆ ಹೊಡೆಯುವ ಪ್ರತಿ ಕಡ್ಡಿಯ ತುದಿಯಲ್ಲೂ ಎರಡು ಅಚ್ಚು ಇರುತ್ತವೆ. ಕೆಳಗೆ ಸಣ್ಣ ಅಕ್ಷರ, ಮೇಲೆ ದೊಡ್ಡ ಅಕ್ಷರ. 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರಾಟಕ್ಕೆ ತಂದ ಮೊದಲ ಯಂತ್ರದಲ್ಲಿ ಬರೀ ದೊಡ್ಡ ಅಕ್ಷರಗಳಿದ್ದವು, ಅದಕ್ಕೆ ಶಿಫ್ಟೇ ಬೇಕಿರಲಿಲ್ಲ. 1878ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಶಿಫ್ಟ್ ಬಂತು. ದೊಡ್ಡ ಅಕ್ಷರ ಕಾಗದದ ಸಾಲಿಗೆ ಸರಿಯಾಗಿ ಬೀಳಬೇಕಾದರೆ ಎರಡರಲ್ಲಿ ಒಂದು ಆಗಬೇಕು. ಕಾಗದ ಹಿಡಿದಿರುವ ರೋಲರ್ ಮೇಲೆ ಏಳಬೇಕು, ಇಲ್ಲವೇ ಅಚ್ಚುಗಳ ಬುಟ್ಟಿ ಕೆಳಗೆ ಇಳಿಯಬೇಕು. ಹಳೆಯವು ಎಷ್ಟೋ ರೋಲರನ್ನು ಎತ್ತುತ್ತಿದ್ದವು. ರೋಲರ್ ಜೊತೆ ಇಡೀ ಗಾಡಿಯೇ ಏಳುತ್ತಿತ್ತು. ಅದನ್ನು ಎತ್ತುವ ಕೆಲಸ ಕಿರುಬೆರಳಿನದು.

ಹದಿನಾರು ವರ್ಷದ ಕೈಯ ಕಿರುಬೆರಳು! ಶಿಫ್ಟ್ ಒತ್ತಿದರೆ ಬಾವಿಯಿಂದ ತುಂಬಿದ ಕೊಡ ಎತ್ತಿದ ಹಾಗೆ ಇರುತ್ತಿತ್ತು.

ಬರೀ ಭಾರ ಆಗಿದ್ದರೆ ಅಭ್ಯಾಸವಾಗುತ್ತಿತ್ತು. ತೊಂದರೆ ಕಾಣುತ್ತಿದ್ದದ್ದು ಕಾಗದದ ಮೇಲೆ. ಗಾಡಿ ಪೂರ್ತಿ ಏಳುವ ಮುಂಚೆ ಅಕ್ಷರ ಹೊಡೆದರೆ ದೊಡ್ಡ ಅಕ್ಷರ ಸಾಲಿಗಿಂತ ಮೇಲೆ ಹೋಗಿ ಕೂರುತ್ತದೆ. ಶಿಫ್ಟನ್ನು ಸ್ವಲ್ಪ ಬೇಗ ಬಿಟ್ಟರೂ ಅದೇ ಕಥೆ. ‘ಡಿಯರ್ ಸರ್’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಡಿ ಒಂದು ಎತ್ತರದಲ್ಲಿ, ಎಸ್ ಇನ್ನೊಂದು ಎತ್ತರದಲ್ಲಿ, ಉಳಿದ ಅಕ್ಷರಗಳೆಲ್ಲ ಕೆಳಗೆ ನೆಟ್ಟಗೆ ಸಾಲಾಗಿ. ಕೆಲವು ಸಲ ಅಕ್ಷರದ ಅರ್ಧ ಮಾತ್ರ ಮೂಡುತ್ತಿತ್ತು. ಪರೀಕ್ಷೆಯಲ್ಲಿ ಇದು ತಪ್ಪು. ಅದರ ಮೇಲೆ ಮತ್ತೆ ಹೊಡೆದು ಸರಿಮಾಡಿದರೆ ಅದೂ ತಪ್ಪು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಕಿರುಬೆರಳಿಗೆ ಶಕ್ತಿ ಸಾಲದೆ ಹೋದಾಗ ಅಂಗೈ ಪೂರ್ತಿ ವಾಲುತ್ತದೆ. ಅಂಗೈ ವಾಲಿದರೆ ಉಳಿದ ಮೂರು ಬೆರಳೂ ತಮ್ಮ ಕೀಲಿಗಳನ್ನು ಬಿಟ್ಟು ಜಾರುತ್ತವೆ. ಟೈಪಿಂಗ್ ಕಲಿತವರಿಗೆಲ್ಲ ಮೊದಲ ಪಾಠ ನೆನಪಿದ್ದೇ ಇರುತ್ತದೆ ಅಲ್ವಾ? ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಪುಟಗಟ್ಟಲೆ ಅದೇ. ಈ ಪಾಠದ ಗುರಿ ಒಂದೇ. ಬೆರಳು ಎಲ್ಲಿಗೆ ಹೋದರೂ ವಾಪಸ್ ಅದೇ ಜಾಗಕ್ಕೆ ಬರಬೇಕು, ಕಣ್ಣಿನ ಸಹಾಯ ಇಲ್ಲದೆ. ಗಾಡಿ ಎತ್ತುವ ಯಂತ್ರ ಅದನ್ನೇ ಕೆಡಿಸುತ್ತದೆ. ಒಂದು ದೊಡ್ಡ ಅಕ್ಷರ ಹೊಡೆದು ವಾಪಸ್ ಬರುವಷ್ಟರಲ್ಲಿ ಕೈ ಒಂದು ಕೀಲಿ ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿಂದ ಮುಂದೆ ಪದವೇ ಬೇರೆ. ಆಗ ಕಣ್ಣು ಕೆಳಗೆ ಹೋಗುತ್ತದೆ. ಕಣ್ಣು ಕೆಳಗೆ ಹೋದರೆ ಮೇಷ್ಟ್ರು ಬಂದು ಕೈಗಳ ಮೇಲೆ ಒಂದು ರಟ್ಟಿನ ಹಲಗೆ ಅಡ್ಡ ಇಡುತ್ತಿದ್ದರು.

ನಮ್ಮ ಮೇಷ್ಟ್ರು ಕಾಗದವನ್ನು ತಿರುಗಿಸಿ ಬೆನ್ನು ನೋಡುತ್ತಿದ್ದರು. ಮುಂದೆ ಏನು ಬರೆದಿದೆ ಅಂತ ಆಮೇಲೆ. ಹಿಂದೆ ಅಕ್ಷರಗಳ ಉಬ್ಬು ಬೆರಳಿಗೆ ಸಿಗುತ್ತದೆ. ತೋರುಬೆರಳು ಹೊಡೆಯುವ ಎಫ್, ಜೆ ಚೆನ್ನಾಗಿ ಉಬ್ಬಿರುತ್ತವೆ. ಎ, ಕ್ಯೂ, ಝಡ್, ಪಿ ಸಪಾಟಾಗಿರುತ್ತವೆ. ಯಾಕೆಂದರೆ ಅವು ಕಿರುಬೆರಳಿನವು. ಇಂಗ್ಲಿಷಿನಲ್ಲಿ ಎ ಎಷ್ಟು ಸಲ ಬರುತ್ತದೆ ಯೋಚಿಸಿ. ಅಷ್ಟು ಬಳಕೆಯ ಅಕ್ಷರವನ್ನು ಎಲ್ಲಕ್ಕಿಂತ ಬಡವಾದ ಬೆರಳಿಗೆ ಕೊಟ್ಟಿರುವ ಕೀಲಿಮಣೆ ಇದು. ಕಂಪ್ಯೂಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಎಷ್ಟು ಮೆಲ್ಲಗೆ ಮುಟ್ಟಿದರೂ ಅಕ್ಷರ ಒಂದೇ ಕಪ್ಪು. ಹಳೆಯ ಯಂತ್ರದಲ್ಲಿ ಬೆರಳಿನ ಬಲವೇ ಅಕ್ಷರದ ಬಣ್ಣ. ಆ ಬಡ ಬೆರಳಿಗೇ ಗಾಡಿ ಎತ್ತುವ ಕೆಲಸವನ್ನೂ ಹೊರಿಸಿದರೆ ಎ ಇನ್ನೂ ಮಂಕಾಗುತ್ತದೆ. ನನ್ನ ಮೊದಲ ತಿಂಗಳ ಹಾಳೆಗಳಲ್ಲಿ ಎ ಎಲ್ಲಿದೆ ಅಂತ ಹುಡುಕಬೇಕಿತ್ತು.

ಆ ಯಂತ್ರದ ಉಳಿದ ವಿಷಯಗಳಿಗೆ ಒಂದೊಂದು ಸಾಲು ಸಾಕು. ಒಂದರ ಅಂಕಿಯ ಕೀಲಿ ಇರಲಿಲ್ಲ, ಸಣ್ಣ ಎಲ್ ಅನ್ನೇ 1 ಅಂತ ಹೊಡೆಯುತ್ತಿದ್ದೆವು. ಗಟ್ಟಿತನದಲ್ಲಿ ಅದನ್ನು ಮೀರಿಸಿದ್ದು ಇಲ್ಲ. ಗಂಟೆಯ ಸದ್ದು ತುಂಬಾ ಚೆನ್ನಾಗಿತ್ತು.

ಮುಂದಿನ ಸಾಲಿಗೆ ನನ್ನನ್ನು ಏರಿಸಿದಾಗ ಸಿಕ್ಕಿದ್ದು ಫೇಸಿಟ್. ಸ್ವೀಡನ್ ಮೂಲದ ಕಂಪನಿ. ಇಲ್ಲಿ ಮದರಾಸಿನಲ್ಲಿ ತಯಾರಾಗುತ್ತಿತ್ತು. ಇದರ ಬಗ್ಗೆ ನನಗೆ ಒಳ್ಳೆಯ ಮಾತು ಬಿಟ್ಟು ಬೇರೆ ಇಲ್ಲ. ಕೀಲಿ ಹಗುರ, ಸದ್ದು ಮೆತ್ತಗೆ, ಗಾಡಿ ನುಣ್ಣಗೆ ಓಡುತ್ತದೆ. ನಿಮಿಷಕ್ಕೆ 45 ಪದ ಹೊಡೆಯಬೇಕು ಅಂದರೆ, ಪದಕ್ಕೆ ಐದು ಹೊಡೆತದ ಲೆಕ್ಕದಲ್ಲಿ ನಿಮಿಷಕ್ಕೆ 225 ಹೊಡೆತ. ಸೆಕೆಂಡಿಗೆ ಸುಮಾರು ನಾಲ್ಕು. ಆ ವೇಗದಲ್ಲಿ ಕೀಲಿಯ ಭಾರ ಒಂದು ಚೂರು ಕಮ್ಮಿಯಾದರೂ ಕೈಗೆ ತಿಳಿಯುತ್ತದೆ. ಸೀನಿಯರ್ ಪರೀಕ್ಷೆಗೆ ನಾನು ಕೂತದ್ದು ಇದರಲ್ಲೇ. ಇನ್‌ಸ್ಟಿಟ್ಯೂಟಿನ ಯಂತ್ರಗಳೆಲ್ಲ ತಳ್ಳುಗಾಡಿಯಲ್ಲಿ ಪರೀಕ್ಷೆ ನಡೆಯುವ ಶಾಲೆಗೆ ಹೋಗುತ್ತಿದ್ದವು, ಕೆಳಗೆ ಗೋಣಿಚೀಲ ಹಾಸಿಕೊಂಡು. ನಾವು ಪಕ್ಕದಲ್ಲಿ ಒಂದು ಕೈ ಆತುಕೊಂಡು ನಡೆಯುತ್ತಿದ್ದೆವು. ದಾರಿಯಲ್ಲಿ ಹಳ್ಳ ಬಂದರೆ ಎದೆ ಧಸಕ್ ಅನ್ನುತ್ತಿತ್ತು, ಯಾಕೆಂದರೆ ತಿಂಗಳುಗಟ್ಟಲೆ ಕೈಗೆ ಹೊಂದಿಕೊಂಡ ಯಂತ್ರ ಅದು. ಆ ಹೊತ್ತಿಗೆ ಬೇರೆ ಯಂತ್ರ ಸಿಕ್ಕರೆ ಸ್ಪೀಡ್ ಬಿದ್ದುಹೋಗುತ್ತದೆ.

ಹಾಗಾದರೆ ಫೇಸಿಟ್ ಯಾಕೆ ಕೊಳ್ಳಲಿಲ್ಲ? ಎರಡು ಕಾರಣ. ಅಷ್ಟು ಹಗುರವಾದ ಕೀಲಿಯಲ್ಲಿ ಕಲಿಕೆ ಶುರುಮಾಡಿದರೆ ಕಿರುಬೆರಳು ಬಲಿಯುವುದೇ ಇಲ್ಲ. ಅದು ಕಲಿತ ಕೈಗೆ ಹೇಳಿ ಮಾಡಿಸಿದ ಯಂತ್ರ. ಎರಡನೆಯದು ಬಿಡಿಭಾಗ. ನಾನು ಹೋದ ರಿಪೇರಿಯವರ ಹತ್ತಿರ ಪ್ರೈಮಾದ ಭಾಗಗಳು ಡಬ್ಬಗಟ್ಟಲೆ ಇದ್ದವು, ಫೇಸಿಟ್‌ನದು ಕೇಳಿದರೆ ಹುಡುಕಿಸಿ ನೋಡೋಣ ಅಂದರು. ಇಂಥದ್ದೇ ಕಾರಣಕ್ಕೆ ಒಳ್ಳೆಯ ಯಂತ್ರಗಳು ಮೂಲೆ ಸೇರುತ್ತವೆ. ನಿಮಗೆ ಆಗಲೇ ಟೈಪಿಂಗ್ ಬರುತ್ತಿದ್ದು, ಓಡುವ ಸ್ಥಿತಿಯ ಫೇಸಿಟ್ ಕಣ್ಣಿಗೆ ಬಿದ್ದರೆ, ಬಿಡಬೇಡಿ.

ಪೋರ್ಟಬಲ್ ವಿಷಯಕ್ಕೆ ಬರೋಣ. ಮಗಳು ಟೈಪಿಂಗ್ ಕಲಿಯುತ್ತೇನೆ ಅಂದಾಗ ಮೊದಲು ಮನೆಗೆ ಬಂದದ್ದು ಭಾವನವರ ವಿದೇಶಿ ಪೋರ್ಟಬಲ್. ನೋಡಲು ತುಂಬಾ ಚೆಂದ. ಮುಚ್ಚಳ ಹಾಕಿದರೆ ಪುಟ್ಟ ಸೂಟ್‌ಕೇಸ್, ಐದು ಕಿಲೋ ಆಸುಪಾಸು. ಆದರೆ ಆ ಅಳತೆಯ ಎಷ್ಟೋ ಪೋರ್ಟಬಲ್‌ಗಳ ಹಾಗೆ ಇದೂ ಗಾಡಿ ಎತ್ತುವಂಥದ್ದು. ಗಾಡಿ ಚಿಕ್ಕದು, ಹಾಗಾಗಿ ಭಾರ ಅಷ್ಟಿಲ್ಲ ನಿಜ. ಆದರೆ ಗಾಡಿ ಏಳುವಾಗ ಯಂತ್ರವೇ ಮೇಜಿನ ಮೇಲೆ ಅಲುಗಾಡುತ್ತದೆ. ಸಾಲು ಮುಗಿದು ಗಾಡಿ ತಳ್ಳಿದರೆ ಯಂತ್ರವೂ ಒಂದಿಷ್ಟು ಸರಿಯುತ್ತದೆ. ಕೆಳಗೆ ದಪ್ಪ ಬಟ್ಟೆ ಹಾಕಿದೆವು, ಸ್ವಲ್ಪ ವಾಸಿ ಆಯಿತು. ಕೀಲಿಗಳ ಸಾಲು ಒಂದರ ಮೇಲೊಂದು ಕಡಿದಾಗಿ ಏರುತ್ತವೆ, ಅಂಕಿಗಳನ್ನು ಮುಟ್ಟಲು ಚಿಕ್ಕ ಕೈ ಪೂರ್ತಿ ಎದ್ದೇ ಹೋಗಬೇಕು. ಮಗಳ ಹಾಳೆಯಲ್ಲಿ ದೊಡ್ಡ ಅಕ್ಷರಗಳೆಲ್ಲ ಸಾಲು ಬಿಟ್ಟು ಮೇಲೆ ಹೋಗಿದ್ದವು. 1990ರ ನನ್ನ ಹಾಳೆಗಳು ಹೀಗೇ ಇದ್ದವಲ್ಲ ಅಂತ ತಕ್ಷಣ ಗೊತ್ತಾಯಿತು. ಆವತ್ತೇ ಬೇರೆ ಯಂತ್ರ ಹುಡುಕುವುದು ಅಂತ ತೀರ್ಮಾನಿಸಿದೆ.

ಊರೂರು ತಿರುಗಿ ವರದಿ ಬರೆಯುವವರಿಗೆ, ರೈಲಿನಲ್ಲಿ ಯಂತ್ರ ಒಯ್ಯುವವರಿಗೆ ಪೋರ್ಟಬಲ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಅವರಿಗಾಗಿಯೇ ಮಾಡಿದ್ದು ಅದು.

ಇನ್ನು ಪ್ರೈಮಾ. ಇನ್‌ಸ್ಟಿಟ್ಯೂಟಿನಲ್ಲಿ ಆಗ ಇದೇ ಹೊಸ ಯಂತ್ರ, ಕಿಟಕಿ ಪಕ್ಕದ ಮೇಜಿನಲ್ಲಿ ಇರುತ್ತಿತ್ತು. ನಮ್ಮಂಥವರಿಗೆ ಸಿಗುತ್ತಿದ್ದದ್ದು ಯಾರಾದರೂ ಗೈರುಹಾಜರಾದ ದಿನ ಮಾತ್ರ. ಮೊದಲ ಸಲ ಅದರ ಶಿಫ್ಟ್ ಒತ್ತಿದಾಗ ಏನೂ ಆಗಲಿಲ್ಲವೇನೋ ಅನ್ನಿಸಿತು, ಅಷ್ಟು ಸಲೀಸು. ಗಾಡಿ ಅಲುಗಾಡಲಿಲ್ಲ. ಒಳಗೆ ಅಚ್ಚಿನ ಕಡ್ಡಿಗಳ ಬುಟ್ಟಿ ಒಂಚೂರು ಕೆಳಗೆ ಇಳಿಯಿತು, ಅಷ್ಟೇ. ಇಳಿಯುವ ಬುಟ್ಟಿಗೆ ಭೂಮಿಯ ಸೆಳೆತವೂ ಕೈಜೋಡಿಸುತ್ತದೆ, ವಾಪಸ್ ಎತ್ತುವ ಕೆಲಸವನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಅಂಗೈ ವಾಲುವುದಿಲ್ಲ. ಉಳಿದ ಬೆರಳುಗಳು ತಮ್ಮ ಮನೆಯಲ್ಲೇ ಇರುತ್ತವೆ. ದೊಡ್ಡ ಅಕ್ಷರ ಸಾಲಿನ ಮೇಲೆ ಸರಿಯಾಗಿ ಕೂರುತ್ತದೆ.

ಆದರೆ ಅಕ್ಷರದ ಕೀಲಿಗಳು ಫೇಸಿಟ್‌ನಷ್ಟು ಹಗುರ ಅಲ್ಲ, ಒಂದು ಮಟ್ಟದ ಬಿಗಿ ಇದೆ. ನನಗೆ ಇಷ್ಟವಾದದ್ದೇ ಅದು. ಎ ಕಪ್ಪಾಗಿ ಮೂಡಬೇಕಾದರೆ ಕಿರುಬೆರಳು ದುಡಿಯಲೇಬೇಕು, ಶಿಫ್ಟಿಗೆ ಮಾತ್ರ ನಲುಗಬೇಕಿಲ್ಲ. ಬೆರಳಿಗೆ ಕಸರತ್ತು ಎಲ್ಲಿ ಬೇಕೋ ಅಲ್ಲಿದೆ. ಮಗಳ ಹಾಳೆಯ ಬೆನ್ನನ್ನು ನಾನೂ ಮೇಷ್ಟ್ರ ಹಾಗೆ ಬೆರಳಲ್ಲಿ ಸವರಿ ನೋಡುತ್ತಿದ್ದೆ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಎ ಮತ್ತು ಎಫ್ ನಡುವೆ ವ್ಯತ್ಯಾಸ ಸಿಗದ ಹಾಗಾಯಿತು.

ಗೋದ್ರೆಜ್ ಟೈಪ್‌ರೈಟರ್ ಮಾಡಲು ಶುರುಮಾಡಿದ್ದು 1955ರಲ್ಲಿ. ತಯಾರಿಕೆ ನಿಂತದ್ದು 2009ರಲ್ಲಿ. ಅಷ್ಟು ವರ್ಷ ಸರಕಾರಿ ಕಚೇರಿ, ಬ್ಯಾಂಕು, ಕೋರ್ಟು ಎಲ್ಲ ಕಡೆ ಇವು ಓಡಿವೆ. ಅದರ ಲಾಭ ಈಗ ಕೊಳ್ಳುವವರಿಗೆ. ಹಳೆಯ ಮೆಕ್ಯಾನಿಕ್‌ಗಳ ಕೈಗೆ ಪ್ರೈಮಾ ಕಣ್ಣುಮುಚ್ಚಿ ಬಿಚ್ಚುವಷ್ಟು ಗೊತ್ತು. ಒಂದು ಕೆಟ್ಟ ಪ್ರೈಮಾದಿಂದ ಇನ್ನೊಂದಕ್ಕೆ ಭಾಗ ತೆಗೆದು ಹಾಕುತ್ತಾರೆ. ನನ್ನ ಮಿತಿ ಇದ್ದದ್ದು 7,000 ರೂಪಾಯಿ, ಸರ್ವೀಸ್ ಸೇರಿಸಿ. ಅಷ್ಟರಲ್ಲೇ ಆಯಿತು. ಅದೇ ದುಡ್ಡಿಗೆ ಚೆಂದದ ಬಣ್ಣದ ವಿದೇಶಿ ಪೋರ್ಟಬಲ್ ಕೇಳಿದರೆ ಮಾರುವವರು ಮಾತೇ ಆಡಲಿಲ್ಲ. ಅವಕ್ಕೆ ಈಗ ಅಲಂಕಾರದ ಬೆಲೆ ಬಂದಿದೆ.

ಪ್ರೈಮಾದ ಕಷ್ಟಗಳೂ ಇವೆ. ಹದಿನೈದು ಕಿಲೋ ಹತ್ತಿರ ತೂಕ, ಒಮ್ಮೆ ಇಟ್ಟ ಜಾಗದಿಂದ ಕದಲಿಸಲು ಮನಸ್ಸು ಬರುವುದಿಲ್ಲ. ಸದ್ದು ಜಾಸ್ತಿ. ಫ್ಲಾಟಿನಲ್ಲಿ ಇರುವವರು ರಾತ್ರಿ ಹೊಡೆಯುವ ಹಾಗಿಲ್ಲ. ನಾನು ಟೈಪ್ ಮಾಡುವುದು ಸಂಜೆ ಕಾಫಿ ಆದಮೇಲೆ ಒಂದೋ ಎರಡೋ ಪುಟ, ಅಣ್ಣನಿಗೆ ಕಾಗದ, ಲಕೋಟೆಯ ವಿಳಾಸ. ಯಂತ್ರಕ್ಕೆ ಅಂತಲೇ ಒಂದು ಮೇಜು ಇದೆ. ಹಾಗಾಗಿ ಇವೆರಡೂ ನನಗೆ ತೊಂದರೆ ಕೊಟ್ಟಿಲ್ಲ.

ಶಾಯಿಯ ರಿಬ್ಬನ್ ಹೆಚ್ಚಿನ ಯಂತ್ರಗಳಿಗೆ ಅದೇ ಅರ್ಧ ಇಂಚಿನದು. ಕೊಳ್ಳುವಾಗ ಎರಡೂ ತುದಿಯಲ್ಲಿ ಲೋಹದ ಪುಟ್ಟ ಗುಂಡಿ ಇದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಆ ಗುಂಡಿ ತಗುಲಿದಾಗಲೇ ರಿಬ್ಬನ್ ಹಿಮ್ಮುಖವಾಗಿ ಸುತ್ತಲು ಶುರುವಾಗುವುದು.

ಕೊಳ್ಳುವ ಜಾಗದಲ್ಲೇ ಮಾಡಬೇಕಾದ ಪರೀಕ್ಷೆ ಒಂದಿದೆ, ಯಾವ ಯಂತ್ರಕ್ಕಾದರೂ ಸರಿ. ದೊಡ್ಡ ಎಚ್, ಸಣ್ಣ ಎಚ್ ಒಂದರ ಪಕ್ಕ ಒಂದರಂತೆ ಒಂದು ಸಾಲು ಪೂರ್ತಿ ಹೊಡೆಯಿರಿ. ಶಿಫ್ಟನ್ನು ಕಿರುಬೆರಳಿನಲ್ಲೇ ಒತ್ತಿ, ತೋರುಬೆರಳಿನಲ್ಲಲ್ಲ. ಎರಡೂ ಎಚ್‌ಗಳ ಪಾದ ಒಂದೇ ಗೆರೆಯಲ್ಲಿ ನಿಂತರೆ ಸರಿ. ಶಿಫ್ಟ್ ಪೂರ್ತಿ ಒತ್ತಿಯೂ ಮೇಲೆ ಕೆಳಗೆ ಆದರೆ ಹೊಂದಿಸುವ ತಿರುಪುಗಳಿವೆ, ಮೆಕ್ಯಾನಿಕ್ ಸರಿಮಾಡುತ್ತಾರೆ. ಆಮೇಲೆ ಒಂದು ಸಾಲು ಪೂರ್ಣವಿರಾಮದ ಚುಕ್ಕಿ ಹೊಡೆದು ಕಾಗದವನ್ನು ಬೆಳಕಿಗೆ ಹಿಡಿಯಿರಿ. ಚುಕ್ಕಿಗಳು ತೂತಾಗಿದ್ದರೆ ರೋಲರಿನ ರಬ್ಬರ್ ಕಲ್ಲಾಗಿದೆ ಅಂತ. ಹೊಸ ರಬ್ಬರ್ ಹಾಕಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಕನ್ನಡದ ಯಂತ್ರ ಬೇಕು ಅನ್ನುವವರಿಗೆ ಒಂದು ಮಾತು. ಕನ್ನಡ ಬೆರಳಚ್ಚಿನ ಕೀಲಿಮಣೆ ಅನಂತ ಸುಬ್ಬರಾಯರು ರೂಪಿಸಿದ್ದು. ಅಷ್ಟು ಅಕ್ಷರ, ಒತ್ತು, ಕೊಂಬು, ಗುಡಿಸನ್ನು ಅಷ್ಟೇ ಕೀಲಿಗಳಲ್ಲಿ ತುಂಬಿಸಿದ ಆ ಬುದ್ಧಿಗೆ ನನ್ನ ದೊಡ್ಡ ನಮಸ್ಕಾರ. ಈಗ ಕಂಪ್ಯೂಟರಿನಲ್ಲಿ ಬಹಳ ಜನ ಬಳಸುವ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಅದರ ಜೋಡಣೆಯೇ ಬೇರೆ. ಇಂಗ್ಲಿಷ್ ಯಂತ್ರದಲ್ಲಿ ಕಲಿತದ್ದು ಕಂಪ್ಯೂಟರಿಗೆ ಹಾಗೇ ಬರುತ್ತದೆ. ಕನ್ನಡ ಯಂತ್ರದಲ್ಲಿ ಕಲಿತದ್ದು ಕಗಪಕ್ಕೆ ಬರುವುದಿಲ್ಲ. ಮಗಳಿಗೆ ಇಂಗ್ಲಿಷಿನದು ಕೊಂಡದ್ದು ಇದೇ ಕಾರಣಕ್ಕೆ. ನನಗಾಗಿ ಕನ್ನಡದ ಪ್ರೈಮಾ ಒಂದನ್ನು ಹುಡುಕುತ್ತಿದ್ದೇನೆ. ಕನ್ನಡದಲ್ಲಿ ದೊಡ್ಡ ಅಕ್ಷರ ಅಂತ ಇಲ್ಲದಿದ್ದರೂ ಶಿಫ್ಟಿನ ಕೆಲಸ ಇಂಗ್ಲಿಷಿಗಿಂತ ತುಂಬಾ ಜಾಸ್ತಿ, ಒಂದು ಸಾಲಿನಲ್ಲಿ ಎಷ್ಟೋ ಸಲ ಒತ್ತಬೇಕು. ಗಾಡಿ ಎತ್ತುವ ಯಂತ್ರದಲ್ಲಿ ಕನ್ನಡ ಸೀನಿಯರ್ ಪಾಸು ಮಾಡಿದವರು ನನ್ನ ಬ್ಯಾಚಿನಲ್ಲೇ ಇದ್ದರು, ಅವರ ಕೈಗಳ ಬಗ್ಗೆ ನನಗೆ ಈಗಲೂ ಗೌರವ. ಕನ್ನಡದ್ದು ಕೊಳ್ಳುವವರು ಇನ್ನೊಂದನ್ನೂ ನೋಡಿ. ಒತ್ತಕ್ಷರ ಮೂಡಿಸಲು ಅದರಲ್ಲಿ ಗಾಡಿ ಮುಂದೆ ಹೋಗದ ಕೀಲಿಗಳಿರುತ್ತವೆ. ಅವುಗಳಲ್ಲಿ ಒಂದೊಂದನ್ನೂ ಹೊಡೆದು ನೋಡಿ. ಗಾಡಿ ಒಂದು ಹೆಜ್ಜೆ ಸರಿದರೂ ಒತ್ತು ಪಕ್ಕದ ಅಕ್ಷರದ ಕಾಲಿಗೆ ಬೀಳುತ್ತದೆ. ಅದು ದೊಡ್ಡ ರಿಪೇರಿ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ತರುವುದಿಲ್ಲ.